ಅಂಕ ಕೊಟ್ಟವರು ಒಬ್ಬರು, ಲೈಸೆನ್ಸ್ ಕೊಡುವವರು ಇನ್ನೊಬ್ಬರು

ಮೊನ್ನೆ ಆಫೀಸಿನಿಂದ ಒಂದು ಇಮೇಲ್ ಬಂತು. ನನ್ನ ಹೆಸರಿನ ಕೆಳಗಿರುವ ‘ಎಂಜಿನಿಯರ್’ ತೆಗೆಯಬೇಕಂತೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಲೈಸೆನ್ಸ್ ಇಲ್ಲದವರು ಹಾಗೆ ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ. ಸಿವಿಲ್ ಬಿ.ಇ. ಮಾಡಿ, ಸೇತುವೆ ಕಟ್ಟಿಸಿ ಬಂದವನು ನಾನು. ಸುಮ್ನೆ ಅಳಿಸಿದೆ. ಒಳಗೆ ಮಾತ್ರ ಚುರುಕ್ ಅಂತು.

ನಮ್ಮಲ್ಲಿ ಬಿ.ಇ. ಸರ್ಟಿಫಿಕೇಟ್ ಕೈಗೆ ಬಂದರೆ ಮುಗೀತು, ಎಲ್ಲರ ಬಾಯಲ್ಲೂ ಎಂಜಿನಿಯರೇ. ಇಲ್ಲಿ ಆಮೇಲೂ 48 ತಿಂಗಳ ಅನುಭವ ತೋರಿಸಬೇಕು, ಕಾನೂನು ಮತ್ತು ವೃತ್ತಿಧರ್ಮದ ಪರೀಕ್ಷೆ ಬರೆಯಬೇಕು. ಇಲ್ಲೇ ಓದಿದವರಿಗೂ ಅದು ತಪ್ಪಿದ್ದಲ್ಲ. ಹಾಗಾದರೆ ನನ್ನ ತಕರಾರೇನು? ವಲಸೆ ಅರ್ಜಿ ಹಾಕಿದಾಗ ಇದೇ ದೇಶ ನನ್ನ ಡಿಗ್ರಿ ಇಲ್ಲಿಯದಕ್ಕೆ ಸಮ ಅಂತ ಒಪ್ಪಿಕೊಂಡು ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಅಂಕ ನೋಡಿ ವಲಸಿಗರನ್ನು ಆರಿಸುವ ವ್ಯವಸ್ಥೆಯಲ್ಲಿ, ಅಂಕ ಕೊಟ್ಟಿತ್ತು. ವಯಸ್ಸಿಗೆ ಇಷ್ಟು, ಓದಿಗೆ ಇಷ್ಟು, ಅನುಭವಕ್ಕೆ ಇಷ್ಟು. ವಿಮಾನ ಇಳಿದ ಮೇಲೆ ಎಲ್ಲ ಮೊದಲಿಂದ. ಕೇಳಿದರೆ, ವಲಸೆ ಕೇಂದ್ರದವರದ್ದು, ಲೈಸೆನ್ಸ್ ಪ್ರಾಂತ್ಯದ ಸಂಸ್ಥೆಯದ್ದು ಅಂತಾರೆ. ಅವರವರು ಮಾತಾಡಿಕೊಳ್ಳಬಾರದಾ?

2023ರ ಮೇವರೆಗೆ ಆ 48 ತಿಂಗಳಲ್ಲಿ ಒಂದು ವರ್ಷದ ಅನುಭವ ಕೆನಡಾದಲ್ಲೇ ಆಗಿರಬೇಕಿತ್ತು, ಅದೂ ಲೈಸೆನ್ಸ್ ಇರುವವರ ಕೈಕೆಳಗೆ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಆ ನಿಯಮ ಈಗ ಹೋಗಿದೆ. ಆದರೆ ಇಂಟರ್‌ವ್ಯೂಗೆ ಕೂತರೆ ಮೊದಲ ಪ್ರಶ್ನೆ ಇವತ್ತಿಗೂ ಅದೇ, ಕೆನಡಾದ ಅನುಭವ ಇದೆಯಾ?

ಡಾಕ್ಟರುಗಳ ಪಾಡು ಇನ್ನೂ ಕಷ್ಟ. ಗೆಳೆಯನ ಹೆಂಡತಿ ಎಂ.ಡಿ. ಮಾಡಿದವರು. ಇಲ್ಲಿಯ ಪರೀಕ್ಷೆಗಳೂ ಪಾಸು. ಲೈಸೆನ್ಸಿಗೆ ಬೇಕಾದ ಆಸ್ಪತ್ರೆ ತರಬೇತಿಯ, ಅಂದರೆ ರೆಸಿಡೆನ್ಸಿಯ, ಸೀಟು ಸಿಗದೆ ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತಿದ್ದಾರೆ. ಬಂದವರ ಹೆಸರು, ಹುಟ್ಟಿದ ದಿನ ಟೈಪ್ ಮಾಡಿ ಕಾಯಲು ಹೇಳುತ್ತಾರೆ. ಕೆಮ್ಮು ಕೇಳಿದರೇ ಏನಂತ ಗೊತ್ತಾಗುತ್ತೆ, ಬಾಯಿ ಬಿಡುವಂತಿಲ್ಲ. ಅತ್ತ ಜನ ಫ್ಯಾಮಿಲಿ ಡಾಕ್ಟರ್ ಸಿಗದೆ ಪರದಾಡುತ್ತಾರೆ.

ನಮ್ಮವರೂ ಕಮ್ಮಿಯೇನಲ್ಲ ಬಿಡಿ. ಹೊರದೇಶದಲ್ಲಿ ಎಂ.ಬಿ.ಬಿ.ಎಸ್. ಓದಿ ಬಂದ ನಮ್ಮ ಮಕ್ಕಳಿಗೇ 2002ರಿಂದ ಪರೀಕ್ಷೆ ಇಟ್ಟಿದ್ದೇವೆ. 300ಕ್ಕೆ 150 ಬರಲೇಬೇಕು. ಆ ಪರೀಕ್ಷೆ ಇರಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಇನ್ನೊಂದು ಮಾತು, ಹೇಳಲು ಮನಸ್ಸಿಲ್ಲದಿದ್ದರೂ ಹೇಳುತ್ತೇನೆ. ಇಲ್ಲಿ ನಕ್ಷೆಗೆ ಸೀಲ್ ಒತ್ತಿದವನೇ ಹೊಣೆ, ಅದಕ್ಕೇ ಒತ್ತುವ ಮುಂಚೆ ಎರಡು ಸಲ ನೋಡುತ್ತಾನೆ. ನಮ್ಮಲ್ಲಿ ಸ್ಲ್ಯಾಬ್ ಕುಸಿದರೆ ಕಂಟ್ರಾಕ್ಟರ್ ಹೆಸರು ಪೇಪರಿನಲ್ಲಿ ಬರುತ್ತೆ, ನಕ್ಷೆಗೆ ಸಹಿ ಹಾಕಿದವರ ಸುದ್ದಿ ಬರುವುದು ಅಪರೂಪ.

ಲೈಸೆನ್ಸಿಗೆ ನಾನೂ ಅರ್ಜಿ ಹಾಕಿದ್ದೇನೆ. ನನ್ನ ಹಳೆಯ ಕೆಲಸಕ್ಕೆ ಸಾಕ್ಷಿ ಹೇಳಬೇಕಾದ ಸಾಹೇಬರು ರಿಟೈರ್ ಆಗಿದ್ದಾರೆ, ಇಮೇಲ್ ನೋಡುವುದಿಲ್ಲ. ಫೋನ್ ಮಾಡಿದರೆ, ‘ಅಲ್ಲಿಯ ಫಾರ್ಮಿಗೆ ನಾನ್ಯಾಕಪ್ಪಾ ಸಹಿ ಹಾಕಬೇಕು?’ ಅಂತಾರೆ.