ಹೂವಿನ ಕೆಳಗೆ ಕಾವಲು

ಟೋಕಿಯೋದಲ್ಲಿ ಸಕುರ, ಅಂದರೆ ಚೆರ್ರಿ ಹೂವು, ಅರಳಿತೋ ಇಲ್ಲವೋ ಎಂದು ತೀರ್ಮಾನಿಸುವುದು ಒಂದೇ ಒಂದು ಮರ ನೋಡಿ. ಅದು ಯಾಸುಕುನಿ ದೇಗುಲದ ಅಂಗಳದಲ್ಲಿದೆ. ಮಾರ್ಚ್ ತಿಂಗಳಲ್ಲಿ ಹವಾಮಾನ ಇಲಾಖೆಯವರು ಅದರ ಕೆಳಗೆ ನಿಂತು, ಕತ್ತೆತ್ತಿ ಹೂವು ಎಣಿಸುತ್ತಾರೆ. 5-6 ಹೂವು ಬಿಟ್ಟಿದ್ದರೆ ಘೋಷಣೆ. ಸುತ್ತ ಟಿವಿಯವರ ಕ್ಯಾಮೆರಾಗಳ ಸಾಲು. ನಾಲ್ಕೇ ಇದ್ದರೆ ಎಲ್ಲರೂ ಸುಮ್ನೆ ವಾಪಸ್.

ಘೋಷಣೆಯಾಯಿತು ಅಂದರೆ ಊರಿಗೆ ಊರೇ ಅವಸರಕ್ಕೆ ಬೀಳುತ್ತದೆ. ಅಲ್ಲಿನ ಸಕುರ ಮರಗಳಲ್ಲಿ ಬಹುಪಾಲು ಸೊಮೆಯ್ ಯೋಶಿನೋ ಎಂಬ ಒಂದೇ ತಳಿ. ಬೀಜದಿಂದ ಬಂದವಲ್ಲ, ಕಸಿ ಕಟ್ಟಿ ಬೆಳೆಸಿದವು. ಹಾಗಾಗಿ ಒಂದು ಬೀದಿಯ ಮರಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೇ ಅರಳುತ್ತವೆ, ಒಟ್ಟಿಗೇ ಉದುರುತ್ತವೆ. ಮಧ್ಯೆ ಒಂದು ಜೋರು ಮಳೆ ಬಂದರೆ ಆ ವರ್ಷದ ಹನಾಮಿ, ಅಂದರೆ ಮರದ ಕೆಳಗೆ ಕೂತು ಹೂವು ನೋಡುವ ಕೂಟ, ಮುಗಿದಂತೆ.

ಜಪಾನಿನ ಆಫೀಸುಗಳ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಹೊಸಬರು ಕೆಲಸಕ್ಕೆ ಸೇರುವ ಹೊತ್ತಿಗೆ ಸರಿಯಾಗಿ ಹೂವು. ಆ ಹೊಸಬರ ಮೊದಲ ಜವಾಬ್ದಾರಿ ಏನು ಗೊತ್ತಾ? ಬೆಳಗಾಗುತ್ತಲೇ ಪಾರ್ಕಿಗೆ ಹೋಗಿ ನೀಲಿ ಟಾರ್ಪಾಲಿನ್ ಹಾಸಿಕೊಂಡು ಸಂಜೆವರೆಗೆ ಕೂರುವುದು. ನಮ್ಮ ಆಫೀಸಿನಲ್ಲಿ ಆ ಸುರುಳಿ ನನ್ನ ಕೈಗೆ ಬಂತು. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನಲ್ಲಿ ಸೀಟು ಹಿಡಿದು ಬೆಳೆದವನಿಗೆ ಇದೇನು ಮಹಾ ಅಂದುಕೊಂಡೆ. ಆದರೆ ಟವೆಲ್ ಎಸೆದವನು ಆಮೇಲೆ ಆರಾಮಾಗಿ ಟೀ ಕುಡಿಯಬಹುದು. ಇಲ್ಲಿ ಟಾರ್ಪಾಲಿನ್ ಬಿಟ್ಟು ಏಳುವಂತಿಲ್ಲ. ಆಳಿಲ್ಲದಿದ್ದರೆ ಪಾರ್ಕಿನವರು ಎತ್ತಿಬಿಡುತ್ತಾರೆ. ನಾನೋ, ಬರುವ ದಾರಿಯಲ್ಲಿ ದೊಡ್ಡ ಲೋಟ ಕಾಫಿ ಕುಡಿದು ಬಂದಿದ್ದೆ.

ಉಯೆನೋ ಪಾರ್ಕು. ಸೂಟು ಹಾಕಿದ ಹುಡುಗರು ಒಬ್ಬೊಬ್ಬರಾಗಿ ಒಂದೊಂದು ನೀಲಿ ದ್ವೀಪದ ಮೇಲೆ ಕೂತು ಫೋನು ನೋಡುತ್ತಿದ್ದಾರೆ. ತಲೆಯ ಮೇಲೆ ಅಷ್ಟೊಂದು ಹೂವು, ಒಬ್ಬನೂ ಕತ್ತೆತ್ತುತ್ತಿಲ್ಲ. ಪಕ್ಕದವನ ಕಣ್ಣಲ್ಲಿ ಧಾರಾಕಾರ ನೀರು. ಹೂವಿನ ಸೊಬಗಿಗೆ ಕರಗಿದನೋ ಏನೋ ಅಂದುಕೊಂಡೆ. ಆತ ಮಾಸ್ಕ್ ಸರಿಸಿ ಸರಣಿಯಾಗಿ ಸೀನಿದ. ಮಹಾಯುದ್ಧದ ನಂತರ ಮರಮುಟ್ಟಿಗೆಂದು ಗುಡ್ಡಗಟ್ಟಲೆ ನೆಟ್ಟ ಸುಗಿ ಮರಗಳ ಪರಾಗ ಇದೇ ಹೊತ್ತಿಗೆ ಗಾಳಿಯಲ್ಲಿರುತ್ತದೆ. ಪಾಪ, ಸಕುರದ ತಪ್ಪೇನೂ ಇಲ್ಲ. ಅವನ ಟಾರ್ಪಾಲಿನ್ ನಾನು ಕಾದೆ, ನನ್ನದು ಅವನು ಕಾದ. ಕಾಫಿಯ ಸಮಸ್ಯೆ ಹಾಗೆ ಬಗೆಹರಿಯಿತು. ಟಾಯ್ಲೆಟ್ಟಿನ ಕ್ಯೂ ಬಗ್ಗೆ ಮಾತ್ರ ಕೇಳಬೇಡಿ.

ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್.

"ಆಫೀಸಿಲ್ವೇನೋ? ಮರದ ಕೆಳಗೆ ಯಾಕೆ ಕೂತಿದ್ದೀಯಾ?"

"ಇದೇ ಆಫೀಸ್ ಕೆಲಸ ಅಮ್ಮಾ."

"ಹೂವು ಚೆನ್ನಾಗಿದೆ. ಹಣ್ಣು ಯಾವಾಗ?"

"ತಿನ್ನೋಂಥ ಹಣ್ಣು ಬಿಡಲ್ಲ."

"ಮತ್ತೆ ಇಷ್ಟು ಜನ ಯಾಕೋ?"

1598ರಲ್ಲಿ ಕ್ಯೋಟೋದ ದೈಗೋಜಿ ದೇಗುಲದಲ್ಲಿ, ಆಗ ಜಪಾನ್ ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿ ಭರ್ಜರಿ ಹನಾಮಿ ನಡೆಸಿದನಂತೆ. 1720ರ ಸುಮಾರಿಗೆ ಶೋಗನ್ (ಸೇನಾಧಿಪತಿ-ದೊರೆ) ಯೋಶಿಮುನೆ ಜನಸಾಮಾನ್ಯರೂ ನೋಡಲಿ ಎಂದು ಈಗಿನ ಟೋಕಿಯೋದ ಅಸುಕಾಯಾಮಾ ಗುಡ್ಡದಲ್ಲಿ ಸಕುರ ನೆಡಿಸಿದ. ಇವರಿಬ್ಬರ ಹೆಸರೂ ಚರಿತ್ರೆಯಲ್ಲಿದೆ. ಬೆಳಗಿನಿಂದ ಜಾಗ ಕಾದವನ ಹೆಸರು ಮಾತ್ರ ನಾನೆಲ್ಲೂ ಓದಿಲ್ಲ.

ಸಂಜೆ ಆಫೀಸಿನವರೆಲ್ಲ ಬಂದರು. ಟಾರ್ಪಾಲಿನ್ ಹತ್ತುವ ಮುಂಚೆ ಶೂ ಬಿಡಬೇಕು. ಆಗ ಎಲ್ಲರ ಎದುರು ನನ್ನ ಬಲಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಬಂದು ನಮಸ್ಕಾರ ಹೇಳಿತು. ಬಾಸ್ ನೋಡಿದರು, ನೋಡದವರಂತೆ ಮೇಲೆ ನೋಡಿದರು. ಇಡೀ ದಿನದಲ್ಲಿ ಅಲ್ಲಿ ಯಾರಾದರೂ ನಿಜವಾಗಿ ಹೂವು ನೋಡಿದ್ದಿದ್ದರೆ ಅದು ಆ ಕ್ಷಣವೇ.

ಕತ್ತಲಾದಂತೆ ಚಳಿ ಏರಿತು. ನೆಲದ ತಂಡಿ ಟಾರ್ಪಾಲಿನ್ ದಾಟಿ ಸೊಂಟಕ್ಕೇ ಬಂತು. ಎಲ್ಲರೂ ಕೋಟು ಹೊದ್ದು, ನಡುಗುತ್ತಾ ತಣ್ಣನೆಯ ಬಿಯರ್ ಕುಡಿದರು. ಸಸ್ಯಾಹಾರಿಯಾದ ನನಗೆ ಸಿಕ್ಕಿದ್ದು ಗುಲಾಬಿ, ಬಿಳಿ, ಹಸಿರು ಉಂಡೆಗಳನ್ನು ಕಡ್ಡಿಗೆ ಚುಚ್ಚಿದ ದಾಂಗೋ. ನಾನು ತಂದಿದ್ದ ಚಿತ್ರಾನ್ನದ ಡಬ್ಬಿ ಕೈಯಿಂದ ಕೈಗೆ ಸುತ್ತಿ ಖಾಲಿಯಾಗಿ ಬಂತು. ಒಳಗೆ ಉಳಿದಿದ್ದು ಎರಡು ಕಡಲೆಬೀಜ, ಒಂದು ಸಕುರದ ಎಸಳು.

ಹೊರಡುವಾಗ ನೋಡಿದರೆ ಕಪ್ಪು ಶೂಗಳ ಸಾಲಿನಲ್ಲಿ ನನ್ನದಿಲ್ಲ. ಉಳಿದಿದ್ದ ಒಂದೇ ಜೊತೆ ನನ್ನ ಕಾಲಿಗಿಂತ ಚಿಕ್ಕದು. ಅದನ್ನೇ ಮೆಟ್ಟಿಕೊಂಡು, ಹಿಮ್ಮಡಿ ಹೊರಗೆ ಬಿಟ್ಟು, ನಿಶಿ-ಕಸಾಯ್‌ನ ಮನೆವರೆಗೆ ಕುಂಟಿದೆ.

ಮರುದಿನ ಬೆಳಿಗ್ಗೆ ಬಾಸ್ ಚಟಪಟ ಸದ್ದು ಮಾಡುತ್ತಾ ಒಳಗೆ ಬಂದರು. ಕಾಲಲ್ಲಿ ನನ್ನ ಶೂ!

"ನಿನ್ನೆ ಹೂವು ಬಹಳ ಚೆನ್ನಾಗಿತ್ತು ಅಲ್ವಾ?" ಎಂದು ಬಾಗಿದರು.

"ಬಹಳ ಚೆನ್ನಾಗಿತ್ತು" ಎಂದು ನಾನೂ ಬಾಗಿದೆ.

ಶೂ ವಿಷಯ ಇಬ್ಬರೂ ಎತ್ತಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವರ ಜೋಡಿಯನ್ನು ಚೀಲದಲ್ಲಿಟ್ಟು ಅವರ ಮೇಜಿನ ಕೆಳಗೆ ತಳ್ಳಿದೆ. ಸಂಜೆ ನೋಡಿದರೆ ನನ್ನ ಮೇಜಿನ ಕೆಳಗೂ ಒಂದು ಚೀಲ. ಒಳಗೆ ನನ್ನ ಶೂ, ಪಾಲಿಶ್ ಆಗಿ. ಅದರೊಳಗೆ ಒಂದು ಜೊತೆ ಹೊಸ ಕಾಲುಚೀಲ.