ತಲೆಗೊಂದು ಕಲ್ಲಂಗಡಿ

ಆಗಸ್ಟ್ ಮುಗಿಯುತ್ತ ಬಂದಂತೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರೆಜೈನಾ ಊರಿನ ದಿನಸಿ ಅಂಗಡಿಗಳಲ್ಲಿ ಕಲ್ಲಂಗಡಿ ಕೊಳ್ಳುವ ಕ್ರಮವೇ ಬದಲಾಗುತ್ತದೆ. ಅಲ್ಲಿಯವರೆಗೆ ಜನ ಎಲ್ಲ ಊರಿನವರಂತೆ ಹಣ್ಣನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಏನೋ ಅರ್ಥವಾದವರಂತೆ ತಲೆದೂಗಿ ತಳ್ಳುಗಾಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಬರುವ ಗಿರಾಕಿಗಳ ಜಾತಿಯೇ ಬೇರೆ. ಹಣ್ಣು ಸಿಹಿಯೋ ಸಪ್ಪೆಯೋ ಇವರಿಗೆ ಬೇಕಾಗಿಲ್ಲ. ಎರಡು ಕೈಯಲ್ಲಿ ಎತ್ತಿ ತಲೆಯ ಪಕ್ಕಕ್ಕೆ ಹಿಡಿದುಕೊಳ್ಳುತ್ತಾರೆ. ಜೊತೆಗೆ ಬಂದವರು ನಾಲ್ಕು ಹೆಜ್ಜೆ ಹಿಂದೆ ಸರಿದು, ಹೆಣ್ಣು ನೋಡಲು ಬಂದ ಸೋದರಮಾವನ ಗಾಂಭೀರ್ಯದಿಂದ ಪರೀಕ್ಷಿಸಿ, ‘ಕಿವಿ ಹಿಡಿಸುವುದಿಲ್ಲ, ಇನ್ನೊಂದು ನೋಡು’ ಎನ್ನುತ್ತಾರೆ.

ಇಲ್ಲಿಗೆ ಬಂದ ಮೊದಲ ವರ್ಷ ಈ ದೃಶ್ಯ ಕಂಡು ನಾನು ಅಲ್ಲೇ ನಿಂತುಬಿಟ್ಟಿದ್ದೆ. ಆ ದಂಪತಿಗೆ ಅರವತ್ತು ದಾಟಿತ್ತು. ನೋಡಿದರೆ ಬ್ಯಾಂಕಿನಲ್ಲಿ ಠೇವಣಿ ಇಟ್ಟಿರುವವರ ಹಾಗೆ ಕಾಣುತ್ತಿದ್ದರು. ಅಂಥವರು ಹಣ್ಣಿನ ರಾಶಿಯ ಮುಂದೆ ತಲೆಯ ಸುತ್ತಳತೆಯ ಚರ್ಚೆ ನಡೆಸುತ್ತಿದ್ದರು. ನಾನು ಬೆರಗಾದದ್ದನ್ನು ಗಮನಿಸಿದ ಆ ಹೆಂಗಸು ಬಹಳ ಮರ್ಯಾದೆಯಿಂದ ಕೇಳಿದರು: ‘ಊರಿಗೆ ಹೊಸಬರೇ?’

ವಿಷಯ ಇಷ್ಟು. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಕೆನಡಾದಲ್ಲಿ ಕಾರ್ಮಿಕರ ದಿನ. ಅದರ ಹಿಂದಿನ ಭಾನುವಾರ ರೆಜೈನಾದ ಮೊಸೇಕ್ ಕ್ರೀಡಾಂಗಣದಲ್ಲಿ ನಮ್ಮ ಸಸ್ಕಾಚೆವಾನ್ ರಫ್‌ರೈಡರ್ಸ್ ತಂಡಕ್ಕೂ ನೆರೆಯ ಮ್ಯಾನಿಟೋಬಾ ಪ್ರಾಂತ್ಯದ ವಿನಿಪೆಗ್ ಬ್ಲೂ ಬಾಂಬರ್ಸ್ ತಂಡಕ್ಕೂ ಫುಟ್‌ಬಾಲ್ ಪಂದ್ಯ. ನಮ್ಮವರ ಬಣ್ಣ ಹಸಿರು. ಆದ್ದರಿಂದ ಅಭಿಮಾನಿಗಳು ಕಲ್ಲಂಗಡಿಯ ತಿರುಳು ತೆಗೆದು, ಸಿಪ್ಪೆಯನ್ನು ಶಿರಸ್ತ್ರಾಣದ ಹಾಗೆ ಕೊರೆದು ತಲೆಗೆ ಹಾಕಿಕೊಂಡು ಹೋಗುತ್ತಾರೆ. ಆ ‘ಆದ್ದರಿಂದ’ದ ತರ್ಕ ನನಗೆ ಇಂದಿಗೂ ಪೂರ್ತಿ ಬಿಡಿಸಿಲ್ಲ. ಹಸಿರಾಗಿರುವುದು ಎಲೆಕೋಸು ಕೂಡ. ಇನ್ನೂ ತಮಾಷೆ ಎಂದರೆ ಆ ಹಸಿರು ಬಂದದ್ದೇ ಸೋವಿಯ ಆಸೆಯಿಂದ. ಅದಕ್ಕೆ ಹಿಂದೆ ತಂಡದ ಬಣ್ಣ ಕೆಂಪು ಮತ್ತು ಕಪ್ಪು. 1948ರಲ್ಲಿ ಷಿಕಾಗೋದ ಅಂಗಡಿಯೊಂದರಲ್ಲಿ ಹಸಿರು-ಬಿಳಿ ಜರ್ಸಿಗಳು ಅಗ್ಗಕ್ಕೆ ಸಿಕ್ಕವೆಂದು ತಂಡದವರು ತಂದರು. ಅಂದು ಆ ಅಂಗಡಿಯಲ್ಲಿ ನೇರಳೆ ಬಣ್ಣದ್ದು ಸಿಕ್ಕಿದ್ದರೆ ಇಂದು ಇವರು ಬದನೆಕಾಯಿಯನ್ನು ಏನು ಮಾಡಿಕೊಳ್ಳುತ್ತಿದ್ದರೋ.

ಆಟದ ಬಗ್ಗೆಯೂ ಎರಡು ಮಾತು ಹೇಳಬೇಕು. ಕೆನಡಾದ ಫುಟ್‌ಬಾಲ್ ಎಂದರೆ ಕಾಲಿಗಿಂತ ಕೈಗೆ ಹೆಚ್ಚು ಕೆಲಸವಿರುವ, ಚೆಂಡು ಮೊಟ್ಟೆಯಾಕಾರದಲ್ಲಿರುವ ಆಟ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಅದು ಟಚ್‌ಡೌನ್. ಅಮೆರಿಕದವರು ಹನ್ನೊಂದು ಜನ ಆಡುತ್ತಾರೆ, ಇವರು ಹನ್ನೆರಡು. ಹತ್ತು ಗಜ ಮುಂದೆ ಹೋಗಲು ಅವರಿಗೆ ನಾಲ್ಕು ಅವಕಾಶ, ಇವರಿಗೆ ಮೂರೇ. ಮೈದಾನವೂ ದೊಡ್ಡದು, 110 ಗಜ. ಅದನ್ನು 2027ರಿಂದ 100 ಗಜಕ್ಕೆ ಇಳಿಸುತ್ತಾರಂತೆ ಎಂಬ ಸುದ್ದಿ ಬಂದಾಗ ನಮ್ಮ ಪಕ್ಕದ ಮನೆಯ ಅಜ್ಜ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ನನಗೆ ಬಹಳ ಹಿಡಿಸಿದ್ದ ನಿಯಮ ‘ರೂಜ್’. ಗೋಲಿಗೆಂದು ಒದ್ದ ಚೆಂಡು ಗುರಿ ತಪ್ಪಿ ಹಿಂಬದಿಯಿಂದ ಹೊರಗೆ ಹೋದರೂ ಒಂದು ಅಂಕ ಸಿಗುತ್ತಿತ್ತು. ತಪ್ಪಿದ್ದಕ್ಕೂ ಒಂದು ಅಂಕ! ನನ್ನ ಗಣಿತದ ಮೇಷ್ಟರಿಗೆ ಈ ಆಟದ ಪರಿಚಯವಿದ್ದಿದ್ದರೆ ನನ್ನ ಬಾಲ್ಯವೇ ಬೇರೆಯಾಗುತ್ತಿತ್ತು. 2026ರಿಂದ ಆ ಔದಾರ್ಯಕ್ಕೂ ಕತ್ತರಿ ಬಿದ್ದಿದೆ.

ಪಕ್ಕದ ಮನೆಯ ಅಜ್ಜ ಎಂದೆನಲ್ಲ, ಅವರೇ ನನ್ನ ಗುರು. ಗೋಧಿ ಬೆಳೆದು ಜೀವ ಸವೆಸಿ, ಜಮೀನನ್ನು ಮಗನಿಗೆ ಬಿಟ್ಟು ಪೇಟೆಗೆ ಬಂದು ಕೂತವರು. ಈಗಲೂ ಬೆಳಿಗ್ಗೆ ಎದ್ದು ಮೊದಲು ನೋಡುವುದು ಆಕಾಶವನ್ನು. ನಾನು ಚಳ್ಳಕೆರೆಯ ಕಡೆಯವನು. ಬಯಲುಸೀಮೆಯಲ್ಲಿ ಹುಟ್ಟಿ ಅದಕ್ಕಿಂತ ದೊಡ್ಡ ಬಯಲಿಗೆ ಬಂದು ಬಿದ್ದವನು. ಮಳೆಯ ಮಾತು ತೆಗೆದರೆ ನಮ್ಮಿಬ್ಬರಿಗೂ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೀಗೆ ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದಾಗಲೇ ಅವರು ನನಗೆ ಕಲ್ಲಂಗಡಿಯ ವಿದ್ಯೆಯನ್ನು ಧಾರೆಯೆರೆದರು.

ಹಣ್ಣು ಉದ್ದನೆಯದಾಗಿರಬೇಕೇ ಹೊರತು ಗುಂಡಗಿರಬಾರದು. ಒಂದು ಬದಿಯಲ್ಲಿ ಮೂರನೆಯ ಒಂದು ಪಾಲು ಕತ್ತರಿಸಬೇಕು. ತಿರುಳನ್ನು ದೊಡ್ಡ ಚಮಚದಿಂದ ತೋಡಬೇಕು, ಚಾಕು ಹಾಕಬಾರದು. ಮುಖಕ್ಕೆ ಜಾಗ, ಕಿವಿಗೆ ತೂತು. ಹಿಂದಿನ ರಾತ್ರಿಯೇ ಕೊರೆದು ಫ್ರಿಜ್‌ನಲ್ಲಿಟ್ಟರೆ ಮಧ್ಯಾಹ್ನದ ಬಿಸಿಲಿಗೆ ತಲೆ ತಂಪಾಗಿರುತ್ತದೆ. ಒಳಗೆ ಒಂದು ಹಳೆಯ ಟೋಪಿ ಹಾಕಿಕೊಳ್ಳದಿದ್ದರೆ ಮೊದಲ ಅರ್ಧ ಗಂಟೆಯಲ್ಲೇ ರಸ ಬೆನ್ನಿನ ಗುಂಟ ಇಳಿಯುತ್ತದೆ, ಎರಡನೆಯ ಅರ್ಧ ಗಂಟೆಯಲ್ಲಿ ಕಣಜಗಳು ಬರುತ್ತವೆ. ‘ಎಲ್ಲಕ್ಕಿಂತ ಮುಖ್ಯ’ ಎಂದು ಅಜ್ಜ ಎರಡು ಬೆರಳು ಜೋಡಿಸಿ ತೋರಿಸಿದರು, ‘ಸಿಪ್ಪೆ ಇಷ್ಟು ದಪ್ಪ ಇರಬೇಕು. ಒಳಗಿನ ಬಿಳಿಯ ಭಾಗವನ್ನು ಮುಟ್ಟಕೂಡದು. ತೆಳುವಾದರೆ ಒಂದು ಟಚ್‌ಡೌನ್‌ಗೆ ಕುಣಿದರೂ ಬಿರುಕು ಬಿಡುತ್ತದೆ.’

ತೊಡಕು ಹುಟ್ಟಿದ್ದು ಇಲ್ಲಿಯೇ. ನನ್ನ ಹೆಂಡತಿ ಕುಂದಾಪುರದವಳು. ಅವಳ ಲೆಕ್ಕದಲ್ಲಿ ಅದು ಬಚ್ಚಂಗಾಯಿ. ಅದರ ಕೆಂಪು ತಿರುಳು ಮಕ್ಕಳಿಗೆ ಕೊಡುವಂಥದ್ದು, ಹಸಿರು ಸಿಪ್ಪೆ ದನಕ್ಕೆ ಹಾಕುವಂಥದ್ದು. ಇವೆರಡರ ನಡುವಿನ ಬಿಳಿಯ ಭಾಗಕ್ಕಾಗಿಯೇ ದೇವರು ಆ ಹಣ್ಣನ್ನು ಸೃಷ್ಟಿಸಿದ್ದಾನೆ. ಅದನ್ನು ನೆನೆಸಿದ ಅಕ್ಕಿಯೊಂದಿಗೆ ರುಬ್ಬಿದರೆ ಹತ್ತಿಯಂಥ ದೋಸೆಯಾಗುತ್ತದೆ. ಅಜ್ಜ ಮುಟ್ಟಕೂಡದು ಎಂದದ್ದೂ ಅವಳು ಬಿಡಕೂಡದು ಎಂದದ್ದೂ ಒಂದೇ ಎರಡು ಬೆರಳಿನ ದಪ್ಪ. ‘ನಿಮ್ಮ ತಲೆಗೆ ಹಾಕುವುದಕ್ಕೆ ಒಂದು ಹೊತ್ತಿನ ದೋಸೆ ಹಾಳು ಮಾಡುತ್ತೀರಾ?’ ಎಂದು ಕೇಳಿದಳು. ನನ್ನ ತಲೆಗೂ ಒಂದು ಹೊತ್ತಿನ ದೋಸೆಗೂ ಹೋಲಿಕೆ ಬಂದಾಗ ಯಾವುದು ಗೆಲ್ಲುತ್ತದೆ ಎಂಬುದು ಹದಿನಾರು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಿತ್ತು. ಮೊದಲ ವರ್ಷ ತೆಳುವಾಗಿ ಕೆರೆದ ಸಿಪ್ಪೆಯನ್ನೇ ಹಾಕಿಕೊಂಡು ಹೋದೆ. ಅಜ್ಜ ಹೇಳಿದ ಹಾಗೆಯೇ ಆಯಿತು. ಎರಡನೆಯ ಕ್ವಾರ್ಟರ್‌ನಲ್ಲಿ ಅದು ನೆತ್ತಿಯ ಮೇಲೆ ಎರಡು ಹೋಳಾಗಿ ಎಡ ಹೆಗಲಿಗೊಂದು ಬಲ ಹೆಗಲಿಗೊಂದು ಬಿತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ಕೈಚೌಕ ಕೊಟ್ಟಳು. ಈಗ ಮನೆಗೆ ಎರಡು ಹಣ್ಣು ಬರುತ್ತವೆ.

ವಿನಿಪೆಗ್ ಇಲ್ಲಿಂದ ಸುಮಾರು ಆರು ಗಂಟೆಯ ದಾರಿ. ಹೆದ್ದಾರಿ ಎಷ್ಟು ನೇರ ಎಂದರೆ ಸ್ಟೀರಿಂಗ್ ಹಿಡಿದವನಿಗೆ ತಿರುಗಿಸುವ ಕೆಲಸವೇ ಇಲ್ಲ. ಅಲ್ಲಿಯೂ ಗೋಧಿ, ಇಲ್ಲಿಯೂ ಗೋಧಿ. ಅಲ್ಲಿಯೂ ಸೊಳ್ಳೆ, ಇಲ್ಲಿಯೂ ಸೊಳ್ಳೆ. ಜನವರಿಯಲ್ಲಿ ಎರಡೂ ಊರಲ್ಲಿ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟುತ್ತದೆ. ಒಂದೇ ವ್ಯತ್ಯಾಸವೆಂದರೆ ಸಸ್ಕಾಚೆವಾನ್ ಬೇಸಿಗೆಗೆಂದು ಗಡಿಯಾರವನ್ನು ಮುಂದೆ ತಿರುಗಿಸುವುದಿಲ್ಲ, ಅವರು ತಿರುಗಿಸುತ್ತಾರೆ. ಹೀಗಾಗಿ ಸೆಪ್ಟೆಂಬರ್‌ನಲ್ಲಿ ಅವರು ನಮಗಿಂತ ಒಂದು ಗಂಟೆ ಮುಂದಿರುತ್ತಾರೆ. ‘ಆ ಒಂದರಲ್ಲಿ ಮಾತ್ರ’ ಎನ್ನುತ್ತಾರೆ ಅಜ್ಜ. ಇಷ್ಟೊಂದು ಹೋಲುವ ಎರಡು ಊರುಗಳು ಜಗಳವಾಡದೆ ಇನ್ನಾರು ಆಡಬೇಕು? ಹುಬ್ಬಳ್ಳಿಯವರಿಗೆ ಧಾರವಾಡದವರ ಮೇಲೆ ಇರುವ ತಕರಾರು ಬೀದರಿನವರ ಮೇಲೆ ಇರುವುದುಂಟೇ?

ಈ ಜಗಳಕ್ಕೆ ಒಂದು ವಾದ್ಯವೂ ಸೇರಿಕೊಂಡಿದೆ. 2003ರಲ್ಲಿ ಬಾಂಬರ್ಸ್ ತಂಡದ ಕಿಕ್ಕರ್ ಟ್ರಾಯ್ ವೆಸ್ಟ್‌ವುಡ್ ಸಸ್ಕಾಚೆವಾನ್ ಜನರನ್ನು ಬ್ಯಾಂಜೋ ಬಾರಿಸುವ ಗಮಾರರು ಎಂಬರ್ಥದಲ್ಲಿ, ಅವರ ವಂಶಾವಳಿಯನ್ನೂ ಎಳೆದು ತಂದು, ಮೂದಲಿಸಿದ. ಗದ್ದಲವಾಯಿತು. ಕ್ಷಮೆ ಕೇಳು ಎಂದರು. ಆತ ಕೇಳಿದ. ಸಸ್ಕಾಚೆವಾನ್‌ನ ಬಹುಪಾಲು ಜನರಿಗೆ ಬ್ಯಾಂಜೋ ಬಾರಿಸಲು ಬರುವುದೇ ಇಲ್ಲ, ಹಾಗೆ ಹೇಳಿದ್ದು ತಪ್ಪಾಯಿತು ಎಂದ. ಇಂಥ ಕ್ಷಮಾಪಣೆಯನ್ನು ನಮ್ಮ ಕಡೆಯ ಯಕ್ಷಗಾನದ ಹಾಸ್ಯಗಾರರೂ ಮೆಚ್ಚುತ್ತಿದ್ದರು. 2004ರಿಂದ, ಕಾರ್ಮಿಕರ ದಿನದ ಪಂದ್ಯದ ಮರುವಾರ ವಿನಿಪೆಗ್‌ನಲ್ಲಿ ನಡೆಯುವ ಪಂದ್ಯಕ್ಕೆ ‘ಬ್ಯಾಂಜೋ ಬೌಲ್’ ಎಂದೇ ಹೆಸರಾಯಿತು. ಬೈಗುಳವನ್ನೇ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದರು, ಬೈಸಿಕೊಂಡವರೇ ದುಡ್ಡು ಕೊಟ್ಟು ಕೊಂಡು ಆರು ಗಂಟೆ ಗಾಡಿ ಓಡಿಸಿಕೊಂಡು ಹೋದರು.

ನನ್ನ ಕಚೇರಿಯಲ್ಲಿ ಒಬ್ಬ ವಿನಿಪೆಗ್‌ನವನಿದ್ದಾನೆ. ವರ್ಷದ ಐವತ್ತು ವಾರ ಸಜ್ಜನ. ಈ ಎರಡು ವಾರ ಮಾತ್ರ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ನನ್ನ ಮೇಜಿನ ಬಳಿ ಬಂದು, ‘ಹದಿಮೂರು ಗಂಟೆಯಾಯಿತು, ಊಟಕ್ಕೆ ಹೋಗೋಣವೇ?’ ಎನ್ನುತ್ತಾನೆ. ಈ ಹದಿಮೂರರ ಕಥೆ ಇಲ್ಲಿ ಮಕ್ಕಳ ಮುಂದೆ ಹೇಳುವಂಥದ್ದಲ್ಲ. ಕೆನಡಾದ ಫುಟ್‌ಬಾಲ್ ಲೀಗ್ ಗೆದ್ದವರಿಗೆ ಸಿಗುವುದು ಗ್ರೇ ಕಪ್. 2009ರ ಅದರ ಫೈನಲ್‌ನಲ್ಲಿ ಕೊನೆಯ ಕ್ಷಣ ಮಾಂಟ್ರಿಯಲ್ ತಂಡದ ಕಿಕ್ಕರ್ ಒದ್ದ ಚೆಂಡು ಗುರಿ ತಪ್ಪಿತು. ಗೆದ್ದೆವೆಂದು ನಮ್ಮವರು ಮೈದಾನಕ್ಕೆ ನುಗ್ಗಿದರು. ಅಷ್ಟರಲ್ಲಿ ಅಂಪೈರ್ ತಪ್ಪಾಗಿದೆ ಎಂಬ ಗುರುತಿಗೆ ಕಿತ್ತಳೆ ಬಣ್ಣದ ಬಟ್ಟೆ ಎಸೆದಿದ್ದ. ಎಣಿಸಿ ನೋಡಿದರೆ ಮೈದಾನದಲ್ಲಿ ನಮ್ಮವರು ಹನ್ನೆರಡರ ಬದಲು ಹದಿಮೂರು ಜನ! ಹತ್ತು ಗಜ ಹತ್ತಿರದಿಂದ ಮತ್ತೊಮ್ಮೆ ಒದೆಯಲು ಅವಕಾಶ ಕೊಟ್ಟರು. ಈ ಸಲ ತಪ್ಪಲಿಲ್ಲ. 28–27. ಅದಕ್ಕಿಂತ ಮುಂಚೆ ರೈಡರ್ಸ್ ಅಭಿಮಾನಿಗಳನ್ನು ಪ್ರೀತಿಯಿಂದ ತಂಡದ ‘ಹದಿಮೂರನೆಯ ಆಟಗಾರ’ ಎಂದು ಕರೆಯುವ ರೂಢಿಯಿತ್ತು ಎಂಬುದನ್ನು ನೆನೆದರೆ ವಿಧಿಗೂ ಹಾಸ್ಯಪ್ರಜ್ಞೆ ಇದೆ ಎನ್ನಿಸುತ್ತದೆ. ಅಜ್ಜ ಅಂದು ಆ ಪಂದ್ಯ ನೋಡುತ್ತ ಟಿವಿಯ ಮುಂದೆ ನಿಂತಿದ್ದರಂತೆ. ಎಷ್ಟು ಹೊತ್ತಿಗೆ ಕುಳಿತೆ ಎಂಬುದು ಅವರಿಗೆ ನೆನಪಿಲ್ಲ.

ನಾನೂ ಸುಮ್ಮನಿರುವುದಿಲ್ಲ. 2025ರ ನವೆಂಬರ್‌ನಲ್ಲಿ ಗ್ರೇ ಕಪ್ ಫೈನಲ್ ನಡೆದದ್ದು ವಿನಿಪೆಗ್‌ನಲ್ಲಿ. ಅವರದೇ ಮೈದಾನದಲ್ಲಿ ನಮ್ಮವರು ಅದೇ ಮಾಂಟ್ರಿಯಲ್ ತಂಡವನ್ನು 25–17ರಿಂದ ಸೋಲಿಸಿ ಕಪ್ ಎತ್ತಿದರು. ಅಂದಿನಿಂದ ಸಹೋದ್ಯೋಗಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ‘ನಿಮ್ಮ ಊರಿನ ಕ್ರೀಡಾಂಗಣ ಚೆನ್ನಾಗಿದೆಯಂತಲ್ಲ, ನಮ್ಮವರು ಹೇಳುತ್ತಿದ್ದರು.’ ಅದು ಪ್ರಶ್ನೆಯೇ ಅಲ್ಲ ಎಂದು ಅವನ ತಕರಾರು.

ನಮ್ಮದು ಸೋಲಿನಲ್ಲಿ ಪಳಗಿದ ತಂಡ. 1910ರಲ್ಲಿ ಹುಟ್ಟಿ, 1928ರಿಂದ 1932ರವರೆಗೆ ಸತತ ಐದು ಫೈನಲ್ ಸೋತು, ಮೊದಲ ಕಪ್ ಗೆಲ್ಲಲು 1966ರವರೆಗೆ ಕಾದವರು ಇವರು. ಆ ಫೈನಲ್‌ನಲ್ಲಿ ಎದುರಾಳಿಯ ಹೆಸರೇನು ಗೊತ್ತೇ? ಆಟವಾ ರಫ್ ರೈಡರ್ಸ್. ಬೆರಳೆಣಿಕೆಯ ತಂಡಗಳಿರುವ ಲೀಗಿನಲ್ಲಿ ಎರಡಕ್ಕೆ ಒಂದೇ ಹೆಸರು! ಒಬ್ಬರದು ಕೂಡಿಸಿ ಬರೆಯುವುದು, ಇನ್ನೊಬ್ಬರದು ಬಿಡಿಸಿ ಬರೆಯುವುದು. ಬಸ್ ನಿಲ್ದಾಣದ ಎದುರಿನ ಎರಡು ಉಡುಪಿ ಹೋಟೆಲುಗಳ ಹಾಗೆ 1996ರವರೆಗೆ ಇಬ್ಬರೂ ವ್ಯಾಪಾರ ನಡೆಸಿದರು. ನೂರಕ್ಕೂ ಹೆಚ್ಚು ವರ್ಷದಲ್ಲಿ ಐದು ಕಪ್ ಎಂದು ಅಜ್ಜ ನನ್ನೆದುರು ನಿಟ್ಟುಸಿರು ಬಿಟ್ಟಾಗ, ನಾನು ‘ಈ ಸಲ ಕಪ್ ನಮ್ದೇ’ ಎನ್ನುವ, ಮೊದಲ ಕಪ್ಪಿಗೆ ಹದಿನೆಂಟು ವರ್ಷ ಕಾದ ಬೆಂಗಳೂರು ತಂಡದ ಕಥೆ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ‘ಹದಿನೆಂಟೇ?’ ಎಂದರು. ಆಮೇಲೆ ನಾನು ಆ ವಿಷಯ ಎತ್ತಿಲ್ಲ.

ನಿಜ ಹೇಳಬೇಕೆಂದರೆ ಪಂದ್ಯಕ್ಕಿಂತ ಅದರ ಹಿಂದಿನ ವಾರವೇ ನನಗೆ ಇಷ್ಟ. ಪಂದ್ಯ ಶುರುವಾದ ಮೇಲೆ ಎದೆ ಬಡಿತ, ಗೊಣಗಾಟ, ಪಕ್ಕದವನ ಬಿಯರ್ ಮೈಮೇಲೆ ಚೆಲ್ಲುವುದು ಎಲ್ಲ ಇದ್ದದ್ದೇ. ಹಿಂದಿನ ವಾರದಲ್ಲಿ ಇನ್ನೂ ಯಾರೂ ಸೋತಿರುವುದಿಲ್ಲ. ಬ್ಯಾಂಕಿನ ಗುಮಾಸ್ತೆ ಹಸಿರು ಬಳೆ ಹಾಕಿಕೊಂಡಿರುತ್ತಾಳೆ. ದಂತವೈದ್ಯರು ನನ್ನ ಬಾಯಿಯಲ್ಲಿ ಉಪಕರಣ ಇಟ್ಟುಕೊಂಡೇ ಕ್ವಾರ್ಟರ್‌ಬ್ಯಾಕ್‌ನ ಮಂಡಿಯ ಬಗ್ಗೆ ಅಭಿಪ್ರಾಯ ಕೇಳುತ್ತಾರೆ. ಊರ ಹೊರಗೆ ಸುಗ್ಗಿ; ಧೂಳೆಬ್ಬಿಸಿಕೊಂಡು ಓಡಾಡುವ ಕಟಾವು ಯಂತ್ರಗಳ ಮೇಲೂ ಹಸಿರು ಬಾವುಟ. ಮಳೆ ಬಂದರೆ ಪೈರು ಹಾಳು, ಬಿಸಿಲಿದ್ದರೆ ಪಂದ್ಯಕ್ಕೆ ಹೋಗಲು ಬಿಡುವಿಲ್ಲ. ಅಜ್ಜನ ಮಗ ಈ ಧರ್ಮಸಂಕಟದಲ್ಲಿ ದಿನಕ್ಕೆ ನಾಲ್ಕು ಸಲ ತಂದೆಗೆ ಫೋನ್ ಮಾಡುತ್ತಾನೆ. ಭಾನುವಾರ ಮೂರು ಗಂಟೆ ಮಾತ್ರ ಸಣ್ಣಗೆ ತುಂತುರು ಬೀಳಲಿ, ಯಂತ್ರ ನಿಲ್ಲಿಸಲು ಒಂದು ನೆಪವಾದರೂ ಸಿಗಲಿ ಎಂಬುದು ಅವನ ಪ್ರಾರ್ಥನೆ.

ನಿನ್ನೆ ಶನಿವಾರ. ರಾತ್ರಿ ನನ್ನ ಶಿರಸ್ತ್ರಾಣ ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಕುಳಿತಿತ್ತು, ಎರಡು ಬೆರಳಿನ ದಪ್ಪಕ್ಕೆ ಸರಿಯಾಗಿ. ಎರಡನೆಯ ಹಣ್ಣಿನ ಬಿಳಿಯ ಭಾಗ ಅಕ್ಕಿಯ ಜೊತೆ ಸೇರಿ ಹಿಟ್ಟಾಗಿ, ಕಾವಲಿಯ ಮೇಲೆ ದೋಸೆಯಾಗುತ್ತಿತ್ತು. ಬಾಗಿಲು ತಟ್ಟಿದ ಸದ್ದಾಯಿತು. ಅಜ್ಜ ತಮ್ಮ ಕಲ್ಲಂಗಡಿಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ನಿಂತಿದ್ದರು. ಮೊಮ್ಮಕ್ಕಳದು ನಾಲ್ಕು ಹಣ್ಣು ಸೇರಿ ಅವರ ಫ್ರಿಜ್‌ನ ಬಾಗಿಲು ಮುಚ್ಚುತ್ತಿರಲಿಲ್ಲವಂತೆ.

ನನ್ನ ಹೆಂಡತಿ ಮೊಸರಿನ ಪಾತ್ರೆ ಸರಿಸಿ ಜಾಗ ಮಾಡಿದಳು. ಬಂದವರನ್ನು ಬರಿಗೈಯಲ್ಲಿ ಕಳಿಸುವವಳಲ್ಲ. ಎರಡು ದೋಸೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಬೆಲ್ಲ ಹಾಕಿ ತಟ್ಟೆ ಕೊಟ್ಟಳು. ಅಜ್ಜ ನಿಂತೇ ಮೊದಲ ತುತ್ತು ತಿಂದರು. ಆಮೇಲೆ ಕುರ್ಚಿ ಎಳೆದುಕೊಂಡರು. ಎರಡನೆಯ ದೋಸೆ ಮುಗಿಯುವ ಹೊತ್ತಿಗೆ ಇದು ಏನು ಎಂದು ಕೇಳಿದರು.

‘ನೀವು ಮುಟ್ಟಬಾರದು ಎನ್ನುತ್ತೀರಲ್ಲ, ಅದು’ ಎಂದಳು.

ಅಜ್ಜ ತಟ್ಟೆಯನ್ನು ನೋಡಿದರು, ಫ್ರಿಜ್ಜನ್ನು ನೋಡಿದರು. ಎಷ್ಟೋ ವರ್ಷದ ಎಷ್ಟೋ ಕಲ್ಲಂಗಡಿಗಳು ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ನಿಧಾನವಾಗಿ ಎದ್ದು, ತಾವೇ ಇಟ್ಟ ಹಣ್ಣನ್ನು ಹೊರತೆಗೆದು, ಒಳಗೆ ಬೆರಳಾಡಿಸಿ ದಪ್ಪ ನೋಡಿದರು.

‘ಒಂದು ದೊಡ್ಡ ಚಮಚ ಕೊಡು ತಾಯಿ’ ಎಂದರು. ‘ನಾಳೆ ನಾನು ಹೆಚ್ಚು ಕುಣಿಯುವುದಿಲ್ಲ.’