ಎರಡು ದಡಗಳಲ್ಲಿ ಕಾಕಾನ ನೆನಪು

ಕಳೆದ ಮಳೆಗಾಲದಲ್ಲಿ ತೀರಿಕೊಂಡ ಕಾಕಾ ಅವರ ನೆನಪಿಗೆ ಎರಡು ಕಡೆ ಜನ ಸೇರಿದರು. ಮೊದಲು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಡದ ಅವರ ಹುಟ್ಟೂರಿನಲ್ಲಿ. ಆಮೇಲೆ ಹೈದರಾಬಾದಿನ ಹುಸೇನ್ ಸಾಗರ ಕೆರೆಯಲ್ಲಿ, ಅವರು ನಾಲ್ವತ್ತು ವರ್ಷ ಸದಸ್ಯರಾಗಿದ್ದ ಹಾಯಿದೋಣಿಗಳ ಸೈಲಿಂಗ್ ಕ್ಲಬ್ಬಿನಲ್ಲಿ. ಹೈದರಾಬಾದಿನಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷವಾದ ನಾನು ಎರಡೂ ಕಡೆ ಇದ್ದೆ. ಅಂದಿನಿಂದ ಆ ಎರಡು ರೀತಿಗಳನ್ನು ಮನಸ್ಸಿನಲ್ಲಿ ಹೋಲಿಸಿ ನೋಡುತ್ತಲೇ ಇದ್ದೇನೆ.

1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ಯಾದಗಿರಿ ಸೀಮೆಯೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ನಮ್ಮ ಹಿರಿಯರಿಗೆ ಓದು, ನೌಕರಿ, ದವಾಖಾನೆ ಎಲ್ಲಕ್ಕೂ ಹೈದರಾಬಾದೇ ದಿಕ್ಕಾಗಿತ್ತು. ರಾಜ್ಯ ಬದಲಾದರೂ ಆ ರೂಢಿ ಬದಲಾಗಲಿಲ್ಲ. ಕಾಕಾ ಕೂಡ ಹಾಗೆಯೇ ನೌಕರಿಗೆ ಬಂದು ಅಲ್ಲೇ ಉಳಿದವರು. ಅವರ ತಂದೆ ಕೃಷ್ಣೆಯಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗರು. ಬಿದಿರಿನ ದುಂಡು ಬುಟ್ಟಿಯಂಥ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟುಗೋಲಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಹೋಗದಿದ್ದರೆ ಅದು ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ಹಾಯಿದೋಣಿಗಾದರೋ ಹೊಟ್ಟೆಯ ಕೆಳಗೆ ನೀರಿಗಿಳಿಸಿದ ಒಂದು ಹಲಗೆ ಇರುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ಅದು ತಡೆಯುವುದರಿಂದ, ನೇರ ಎದುರುಗಾಳಿಗೆ ಹೋಗಲಾಗದಿದ್ದರೂ ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಗಾಳಿ ಬರುವ ದಿಕ್ಕಿಗೇ ಸಾಗಬಹುದು. ಕ್ಲಬ್ಬಿನ ಮಕ್ಕಳನ್ನು 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ದೋಣಿಯಲ್ಲಿ ಕೂಡಿಸುವ ಮೊದಲು ಕಾಕಾ ಇದನ್ನು ಹರಿಗೋಲಿನ ಚಿತ್ರ ಬರೆದೇ ಹೇಳಿಕೊಡುತ್ತಿದ್ದರು. ತೆಲುಗು, ಉರ್ದು ಮನೆಮಾತಿನ ಎಷ್ಟೋ ಮಕ್ಕಳಿಗೆ ಹುಟ್ಟು, ಸುಳಿ, ಮಡು ಎಂಬ ಕನ್ನಡ ಮಾತುಗಳು ಬಂದದ್ದು ಹಾಗೆ.

ಊರಿನಲ್ಲಿ ರಾತ್ರಿಯಿಡೀ ಭಜನೆ ನಡೆಯಿತು, ಹೆಣ್ಣುಮಕ್ಕಳು ಹಾಡ್ಯಾಡಿ ಅತ್ತರು. ಕಾಕಾ ಯಾರ ಮದುವೆಗೆ ಜೋಳದ ಚೀಲ ಕಳಿಸಿದ್ದರು, ಯಾರ ಮಗುವನ್ನು ಹೈದರಾಬಾದಿನ ಆಸ್ಪತ್ರೆಗೆ ಸೇರಿಸಿ ಬಾಗಿಲಲ್ಲೇ ಎರಡು ದಿನ ಕುಳಿತಿದ್ದರು ಎಂಬುದೆಲ್ಲ ಆ ಹಾಡಿನಲ್ಲಿ ಬಂತು. ಇಷ್ಟು ತುಂಬಿದ ನೆನಪನ್ನು ಯಾವ ಸಭೆಯೂ ಕೊಡಲಾರದು ಎಂದು ಅಂದು ಅನಿಸಿತ್ತು. ಇಂದಿಗೂ ಹಾಗೆಯೇ ಅನಿಸುತ್ತದೆ.

ಕ್ಲಬ್ಬಿನಲ್ಲಿ ಅಳು ಕೇಳಲಿಲ್ಲ. ಸ್ಪರ್ಧೆ ಶುರುವಾಗುವ 5 ನಿಮಿಷ ಮೊದಲು ಒಂದು ಬಾವುಟ ಏರಿಸಿ ಸದ್ದು ಮಾಡುತ್ತಾರೆ. 4 ನಿಮಿಷ ಉಳಿದಾಗ ಇನ್ನೊಂದು ಏರುತ್ತದೆ, 1 ನಿಮಿಷ ಉಳಿದಾಗ ಅದು ಇಳಿಯುತ್ತದೆ, ಕೊನೆಗೆ ಮೊದಲ ಬಾವುಟವೂ ಇಳಿದಾಗ ದೋಣಿಗಳು ಹೊರಡುತ್ತವೆ. ಮೊಣಕಾಲು ಸೋತ ಮೇಲೆ ಹನ್ನೆರಡು ವರ್ಷ ಈ ಬಾವುಟಗಳನ್ನು ಏರಿಸಿ ಇಳಿಸಿದವರು ಕಾಕಾ. ಆ ಭಾನುವಾರ ಎಲ್ಲ ಸಂಕೇತಗಳೂ ತಪ್ಪದೆ ನಡೆದವು, ಆದರೆ ಕೊನೆಯ ಸದ್ದಿಗೆ ಒಂದು ದೋಣಿಯೂ ಹೊರಡಲಿಲ್ಲ. ಮೂವತ್ತು ದೋಣಿಗಳು ಗಾಳಿಗೆ ಮುಖಮಾಡಿ ನಿಂತಿದ್ದವು. ಬಿಟ್ಟ ಹಗ್ಗಗಳಲ್ಲಿ ಹಾಯಿಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು. ಆ ಒಂದು ನಿಮಿಷದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಒಂದು ಕೊರತೆಯೂ ಅಲ್ಲಿತ್ತು, ಹೇಳದಿರಲಾರೆ. ಕಾಕಾನ ಜೊತೆ ದಿನವೂ ಚಹಾ ಕುಡಿಯುತ್ತಿದ್ದ, ದೋಣಿ ನೀರಿಗಿಳಿಸುವ ಇಬ್ಬರು ಕೆಲಸಗಾರರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಅವರನ್ನು ಯಾರೂ ಮಾತಾಡಿ ಎನ್ನಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಅವರೇ ಮೊದಲು ಮಾತಾಡುತ್ತಿದ್ದರು.

ಆದರೂ ಕ್ಲಬ್ಬಿನ ಮೇಜಿನ ಮೇಲಿದ್ದ ಒಂದು ವಸ್ತು ನನ್ನನ್ನು ಹಿಡಿದು ನಿಲ್ಲಿಸಿತು. ಅದು ಕಾಕಾ ಪ್ರತಿ ಭಾನುವಾರ ಬರೆಯುತ್ತಿದ್ದ ಗಾಳಿಯ ಪುಸ್ತಕ. ‘ಪಡುವಣ ಗಾಳಿ. ಎರಡು ಗಂಟೆಗೆ ದಕ್ಷಿಣಕ್ಕೆ ವಾಲಿತು. ಬುದ್ಧನ ಹಿಂದೆ ಗಾಳಿ ಸತ್ತಿದೆ’ ಎಂಬಂಥ ಸಾಲುಗಳು, ಪುಟ ಪುಟಕ್ಕೂ. ಬುದ್ಧ ಎಂದರೆ ಹುಸೇನ್ ಸಾಗರದ ನಡುವೆ ನಿಂತಿರುವ ಪ್ರತಿಮೆ. ಕ್ಲಬ್ಬಿನವರು ಅದನ್ನು ರಟ್ಟು ಹಾಕಿಸಿ ಇಟ್ಟಿದ್ದಾರೆ. ಹೊಸಬರು ಈಗಲೂ ಅದನ್ನು ಓದಿ ನೀರಿಗಿಳಿಯುತ್ತಾರೆ. ಕಾಕಾನ ತಂದೆಗೆ ಕೃಷ್ಣೆಯ ಬಗ್ಗೆ ಇದಕ್ಕಿಂತ ಹೆಚ್ಚು ಗೊತ್ತಿತ್ತು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯ ನಡುವಿನ ನಡುಗಡ್ಡೆಯಾದ ನೀಲಕಂಠರಾಯನ ಗಡ್ಡಿ ಹೊರಗಿನಿಂದ ಕಡಿದುಹೋಗುತ್ತಿದ್ದ ದಿನಗಳಲ್ಲಿ, ಜನ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜುತ್ತಿದ್ದ ಹೊಳೆಯಲ್ಲಿ, ನೊರೆಯ ಬಣ್ಣ ನೋಡಿ ನೀರಿನ ಏರಿಕೆ ಹೇಳುತ್ತಿದ್ದರಂತೆ. ಅದರ ಒಂದಕ್ಷರವೂ ಉಳಿದಿಲ್ಲ. ‘ಸಾಗರದ ಗಾಳಿ ಬರದಿಟ್ಟೆ, ಅಪ್ಪನ ಹೊಳಿ ಬರದಿಡಲಿಲ್ಲ ನೋಡಪಾ’ ಎಂದು ಕಾಕಾ ಕೊನೆಯ ವರ್ಷ ನನ್ನ ಮುಂದೆ ಕಣ್ಣೀರು ಹಾಕಿದ್ದರು.

ನನ್ನ ತಕರಾರು ನಮ್ಮವರ ಮೇಲೆಯೇ. ಹನ್ನೆರಡನೆಯ ಶತಮಾನದಲ್ಲೇ ಅಂಬಿಗರ ಚೌಡಯ್ಯ ದೇವರ ಹೆಸರಿಗೆ ಬದಲಾಗಿ ತನ್ನ ಹೆಸರನ್ನೇ ವಚನಗಳ ಅಂಕಿತವಾಗಿ ಇಟ್ಟುಕೊಂಡ. ಅಂಥ ಪರಂಪರೆಯಿರುವ ನಾವು ಮನುಷ್ಯನನ್ನು ಮನಸಾರೆ ಅತ್ತು ಕಳಿಸುತ್ತೇವೆ, ಅವನ ಕೈಯ ವಿದ್ಯೆಯನ್ನು ಮಾತ್ರ ಅವನ ಜೊತೆಗೇ ಮಣ್ಣಿಗೆ ಬಿಡುತ್ತೇವೆ. ಸೇತುವೆಗಳಾದ ಮೇಲೆ ಹರಿಗೋಲಿನ ಕೆಲಸ ಕಡಿಮೆಯಾಗಿದೆ. ಜನರ ಜೀವಕ್ಕೆ ಅದು ಒಳ್ಳೆಯದೇ. ಆದರೆ ಹೊಳೆ ಓದಬಲ್ಲ ಮುದುಕರು ಇನ್ನು ನಾಲ್ಕಾರು ಮಂದಿ ಉಳಿದಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಸರ್ಕಾರ ಮಾಡಲಿ ಎಂದು ಕಾಯುವ ಕೆಲಸ ಇದಲ್ಲ.

ದಸರೆಯ ರಜೆಯಲ್ಲಿ ನಾನು ಇನ್ನೂರು ಪುಟದ ನೋಟ್‌ಬುಕ್ಕು ಹಿಡಿದು ಊರಿಗೆ ಹೋದೆ. ಕಾಕಾನ ತಂದೆಯ ಜೊತೆ ಹುಟ್ಟು ಹಾಕಿದ್ದ ಅಜ್ಜ ಒಬ್ಬರಿದ್ದಾರೆ. ವರ್ಷಗಳ ಹಿಂದೆ ಕಾಕಾ ತಂದುಕೊಟ್ಟಿದ್ದ, ಬಣ್ಣ ಮಾಸಿದ ಕಿತ್ತಳೆ ಲೈಫ್ ಜಾಕೆಟ್ಟುಗಳಲ್ಲಿ ಎರಡು ಅವರ ಮನೆಯ ಗೂಟಕ್ಕೆ ನೇತಾಡುತ್ತಿದ್ದವು. ಹರಿಗೋಲು ನೀರಿಗಿಳಿಯಿತು. ನಾನು ಪೆನ್ನು ತೆಗೆದು ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಅಜ್ಜ ಒಂದು ಜಾಕೆಟ್ಟನ್ನು ನನ್ನ ಕಡೆ ಚಾಚಿದರು: ‘ಮೊದಲ ಇದನ್ನ ಹಾಕ್ಕೋ ತಮ್ಮಾ, ಆಮ್ಯಾಲ ಬರಕೋ. ನಿಮ್ಮ ಕಾಕಾ ಹಂಗ ಹೇಳಿ ಹೋಗ್ಯಾನ.’